ಶಾಲೆಯ ಊಟಕ್ಕೆ ಪಾರ್ಸೆಲ್: ಕೌಂಟರ್ ಹಿಂದೆ ನಿಂತವನ ಮಾತು

ಶಾಲೆಯಲ್ಲಿ ಊಟದ ಗಂಟೆ ಹೊಡೆದ 6 ನಿಮಿಷಕ್ಕೆ ನಮ್ಮ ಅಡುಗೆಮನೆಗೆ ಗೊತ್ತಾಗುತ್ತದೆ. ಬಾಗಿಲು ದಡಾರನೆ ತೆಗೆಯುತ್ತದೆ, ಹತ್ತು ದನಿ ಒಟ್ಟಿಗೆ ಒಳಗೆ ಬರುತ್ತವೆ. ನಾನು ಪಾರ್ಸೆಲ್ ಅಂಗಡಿಯೊಂದರಲ್ಲಿ ಅಡುಗೆ ಮಾಡುತ್ತೇನೆ. 11 ವರ್ಷವಾಯಿತು. ಮನೆಯಲ್ಲಿ ಮಗನಿಗೆ 16, ಮಗಳಿಗೆ 14. ಇಬ್ಬರೂ ವಾರಕ್ಕೆ ಎರಡು ದಿನ ಮಧ್ಯಾಹ್ನ ಹೊರಗಿನ ಊಟ ತಿನ್ನುತ್ತಾರೆ. ಹಾಗಾಗಿ ಇದನ್ನು ಅಡುಗೆಯವನಾಗಿಯೂ ನೋಡಿದ್ದೇನೆ, ಅಪ್ಪನಾಗಿಯೂ ನೋಡಿದ್ದೇನೆ.

ಕ್ಯೂನಲ್ಲಿ ನಿಂತ ಮಕ್ಕಳು ಯೋಚನೆ ಮಾಡುವುದಿಲ್ಲ. ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಹಿಂದಿನವರು ತಳ್ಳುತ್ತಿರುತ್ತಾರೆ. ಮುಂದಿನ ಗೆಳೆಯ ಏನೋ ಹೇಳುತ್ತಾನೆ, ಇವನು 'ನಂಗೂ ಅದೇ' ಅನ್ನುತ್ತಾನೆ. ಅಷ್ಟೇ. ಆದ್ದರಿಂದ ಹೇಳಿಕೊಡುವುದನ್ನೆಲ್ಲ ಮನೆಯಲ್ಲೇ ಹೇಳಿಕೊಡಬೇಕು, ಅದೂ ಅವರ ಹೊಟ್ಟೆ ತುಂಬಿರುವಾಗ. ಪೂರ್ತಿ ಬೇಡ ಅಂದುಬಿಟ್ಟರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಡಬ್ಬಿ ಬ್ಯಾಗಿನಲ್ಲೇ ಉಳಿಯುತ್ತದೆ, ಮಗು ನಮ್ಮ ಕೌಂಟರ್ ಮುಂದೆ ನಿಂತಿರುತ್ತದೆ.

ನಮ್ಮನೆಯಲ್ಲಿ ಇದು ಭಾನುವಾರ ರಾತ್ರಿಯ ಕೆಲಸ. ಊಟ ಮುಗಿದ ಮೇಲೆ ಫೋನಿನಲ್ಲಿ ಅಂಗಡಿಯ ಮೆನು ತೆಗೆಯುತ್ತೇವೆ. ಆ ವಾರದ ಎರಡು ದಿನಕ್ಕೆ ಏನು ಬೇಕು ಅಂತ ಅವರೇ ಆರಿಸುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: 'ಅದು ಖಾಲಿಯಾಗಿದ್ದರೆ?' ಎರಡನೆಯ ಆಯ್ಕೆ ಇಲ್ಲದ ಮಗು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹೋಗುತ್ತದೆ. ಮೊದಲ ವಾರ ಮಗನಿಗೆ ಬೇಜಾರಾಗಿತ್ತು. ಮೂರನೆಯ ವಾರದಿಂದ ಅವನೇ ಮೆನು ತೆಗೆಯಲು ಶುರು ಮಾಡಿದ.

ಮೊದಲು ಸಮಯದ ಲೆಕ್ಕ

ಅದಕ್ಕೂ ಮುಂಚೆ ಶಾಲೆಯ ನಿಯಮ ತಿಳಿದುಕೊಳ್ಳಿ. ಊಟದ ಹೊತ್ತಿಗೆ ಹೊರಗೆ ಬಿಡುತ್ತಾರಾ? ಯಾವ ತರಗತಿಯಿಂದ? ಗೇಟಿಗೆ ತರಿಸಿಕೊಳ್ಳಬಹುದಾ? ಮಗ 'ಎಲ್ಲರೂ ಹೋಗ್ತಾರೆ' ಅಂದರೆ ಅದು ಉತ್ತರವಲ್ಲ. ಶಾಲೆಗೆ ಫೋನ್ ಮಾಡಿ ಕೇಳಿ.

ಆಮೇಲೆ ಗಡಿಯಾರ. ಬಿಡುವು 40 ನಿಮಿಷ ಅಂದುಕೊಳ್ಳಿ. ಹೋಗಲು 8, ಬರಲು 8, ಕ್ಯೂನಲ್ಲಿ 15. ತಿನ್ನಲು ಉಳಿಯುವುದು 9 ನಿಮಿಷ. ಅದರಲ್ಲೇ ಕೈ ತೊಳೆಯಬೇಕು, ಕೂರಲು ಜಾಗ ಹುಡುಕಬೇಕು. ಒಂದು ರಜಾ ದಿನ ಮಗುವಿನ ಜೊತೆ ಆ ದಾರಿ ನಡೆದು ನೋಡಿ. ದೊಡ್ಡ ರಸ್ತೆ ಎಲ್ಲಿ ದಾಟಬೇಕು ಅನ್ನುವುದೂ ಆಗಲೇ ಗೊತ್ತಾಗುತ್ತದೆ. ಊಟ ಕೈಯಲ್ಲಿ ಹಿಡಿದು, ಬೆಲ್ಲಿಗೆ ತಡವಾಯಿತು ಅಂತ ಓಡುತ್ತಾ ರಸ್ತೆ ದಾಟುವ ಮಕ್ಕಳನ್ನು ಕಿಟಕಿಯಿಂದ ನೋಡಿದಾಗೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ.

ಹೆಚ್ಚಿನ ಅಂಗಡಿಗಳು ಮುಂಚಿತವಾಗಿ ಆರ್ಡರ್ ತೆಗೆದುಕೊಳ್ಳುತ್ತವೆ. ಅದನ್ನು ಬಳಸಿಕೊಳ್ಳಿ. ಗಂಟೆ ಹೊಡೆದ ಮೊದಲ 10 ನಿಮಿಷ ನಮಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಬೆಳಿಗ್ಗೆಯೇ ಹೇಳಿಟ್ಟರೆ, 'ಇಷ್ಟು ಗಂಟೆಗೆ ಬರ್ತೀವಿ' ಅಂತ ಸಮಯ ಕೊಟ್ಟರೆ, ಅದನ್ನು ಗಲಾಟೆಗೆ ಮುಂಚೆ ನಿಧಾನವಾಗಿ, ಸರಿಯಾಗಿ ಮಾಡಿ ಇಟ್ಟಿರುತ್ತೇವೆ.

ಏನು ಕೇಳಬೇಕು, ಹೇಗೆ ಕೇಳಬೇಕು

ಮೆನುವಿನಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಪಟ್ಟಿ ಕೊಡಲು ನನಗೆ ಇಷ್ಟವಿಲ್ಲ. ಮಕ್ಕಳು ಅದನ್ನು ಓದುವುದೂ ಇಲ್ಲ. ಅದರ ಬದಲು ನಾಲ್ಕು ಮಾತು ಬಾಯಿಪಾಠ ಮಾಡಿಸಿ.

ಒಂದು: 'ಇದು ಈಗ ಮಾಡಿದ್ದಾ?' ಕರಿದ ಆಲೂಗಡ್ಡೆ, ಕೋಳಿ ತುಂಡುಗಳನ್ನು ನಾವು ರಶ್ ಶುರುವಾಗುವ ಮುಂಚೆ ಒಂದಷ್ಟು ಕರಿದು ಬಿಸಿ ದೀಪದ ಕೆಳಗೆ ಇಟ್ಟಿರುತ್ತೇವೆ. ಹೊತ್ತು ಕಳೆದಂತೆ ಅವು ಮೆತ್ತಗಾಗುತ್ತವೆ, ಒಣಗುತ್ತವೆ. 'ಹೊಸದಾಗಿ ಹಾಕಿಕೊಡಿ, ಕಾಯ್ತೀನಿ' ಅಂದರೆ ಯಾವ ಅಡುಗೆಯವನೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಲ್ಕೈದು ನಿಮಿಷದ ಕೆಲಸ ಅದು.

ಎರಡು: 'ಸಾಸ್ ಬೇರೆ ಕೊಡಿ.' ಇದರಿಂದ ಎಷ್ಟು ಉಪ್ಪು ಕಡಿಮೆಯಾಗುತ್ತದೆ ಅಂತ ಅಡುಗೆಮನೆಯಲ್ಲಿ ನಿಂತರೆ ಮಾತ್ರ ಗೊತ್ತಾಗುತ್ತದೆ. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ, ಅದೂ ಮೂರು ಹೊತ್ತಿಗೂ ಸೇರಿಸಿ. ನಮ್ಮ ಅಡುಗೆಗೆ ಉಪ್ಪು ಮೊದಲೇ ಬಿದ್ದಿರುತ್ತದೆ. ಅದರ ಮೇಲೆ ಸಾಸ್ ಬೀಳುತ್ತದೆ. ಬೇರೆ ಕೊಟ್ಟರೆ ಮಗು ಅದ್ದಿಕೊಂಡು ತಿನ್ನುತ್ತದೆ, ಅರ್ಧ ಉಳಿಯುತ್ತದೆ.

ಮೂರು: 'ಕಾಂಬೋ ಬೇಡ, ಬರೀ ಇದು ಸಾಕು.' ಕಾಂಬೋ ತೆಗೆದುಕೊಂಡರೆ ಲಾಭ ಅಂತ ಅನ್ನಿಸುತ್ತದೆ, ಅಲ್ವಾ? ಅದರಲ್ಲಿ ಮಗುವಿಗೆ ಹೆಚ್ಚಾಗಿ ಸಿಗುವುದು ಸಿಹಿ ಪಾನೀಯ. 330 ಮಿಲಿಲೀಟರ್ ಕೋಲಾ ಕ್ಯಾನ್ ಒಂದರಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಟೀ ಚಮಚದ ಲೆಕ್ಕದಲ್ಲಿ ಎಂಟಕ್ಕಿಂತ ಜಾಸ್ತಿ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 50 ಗ್ರಾಂ. ನಮ್ಮ ಮಕ್ಕಳಿಬ್ಬರೂ ನೀರಿನ ಬಾಟಲಿ ಹಿಡಿದೇ ಹೋಗುತ್ತಾರೆ. ಪಾನೀಯಕ್ಕೆ ಹೋಗುವ ದುಡ್ಡಿನಲ್ಲಿ ಒಂದು ಮೊಟ್ಟೆಯನ್ನೋ ಇನ್ನೊಂದಿಷ್ಟು ಕಾಳನ್ನೋ ಜಾಸ್ತಿ ಹಾಕಿಸಿಕೊಳ್ಳುತ್ತಾರೆ.

ನಾಲ್ಕು: 'ತರಕಾರಿ ಸ್ವಲ್ಪ ಜಾಸ್ತಿ ಹಾಕಿ.' ಕೇಳಿದರೆ ಹಾಕುತ್ತೇವೆ. ನಮ್ಮಲ್ಲಿ ಕೇಳುವವರೇ ಕಡಿಮೆ.

ಈ ವಯಸ್ಸಿನಲ್ಲಿ ಹೊಟ್ಟೆ ತುಂಬಿದರೆ ಸಾಲದು, ಮೈಗೂ ಹತ್ತಬೇಕು. ಮುಟ್ಟು ಶುರುವಾದ ಹೆಣ್ಣುಮಕ್ಕಳಿಗೆ ಕಬ್ಬಿಣಾಂಶ ಹೆಚ್ಚು ಬೇಕಾಗುತ್ತದೆ. 14ರಿಂದ 18ರ ಹುಡುಗಿಯರಿಗೆ ದಿನಕ್ಕೆ 15 ಮಿಲಿಗ್ರಾಂ, ಹುಡುಗರಿಗೆ 11 ಅನ್ನುವುದು ಅಮೆರಿಕದವರ ಲೆಕ್ಕ. ಬರೀ ಬ್ರೆಡ್ಡು, ಕರಿದ ಆಲೂಗಡ್ಡೆಯಿಂದ ಅದು ಬರುವುದಿಲ್ಲ. ಕಾಳು, ಮಾಂಸ, ಹಸಿರು ಸೊಪ್ಪು ಯಾವುದಾದರೂ ಒಂದು ಇರಲಿ. ಜೊತೆಗೆ ನಿಂಬೆಯೋ ಟೊಮೆಟೊವೋ ಇದ್ದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಕಡಿಮೆ ಸೇರುತ್ತದೆ.

ಎನರ್ಜಿ ಡ್ರಿಂಕ್ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. 250 ಮಿಲಿಲೀಟರ್ ಕ್ಯಾನ್ ಒಂದರಲ್ಲಿ ಸಾಮಾನ್ಯವಾಗಿ 80 ಮಿಲಿಗ್ರಾಂ ಕೆಫೀನ್ ಇರುತ್ತದೆ. ದೊಡ್ಡ ಕ್ಯಾನಿನಲ್ಲಿ ಅದರ ಎರಡರಷ್ಟು. ಮಕ್ಕಳಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ದಾಟಬಾರದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕ ಇದೆ. ಮಗಳ ತೂಕ 45 ಕಿಲೋ. ಅವಳ ಮಿತಿ 135. ದೊಡ್ಡ ಕ್ಯಾನ್ ಒಂದೇ ಅದನ್ನು ದಾಟುತ್ತದೆ. ಈ ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿದೆ. ಕುಡಿದ ಐದು ಗಂಟೆಯ ಮೇಲೂ ಸುಮಾರು ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ. ರಾತ್ರಿ ನಿದ್ದೆ ಬರಲ್ಲ ಅನ್ನುವ ಮಗುವನ್ನು, ಮಧ್ಯಾಹ್ನ ಏನು ಕುಡಿದೆ ಅಂತ ಒಮ್ಮೆ ಕೇಳಿ.

ಉಳಿದ ಅನ್ನ ಬ್ಯಾಗಿಗೆ ಹೋಗಬಾರದು

ಎರಡು ವರ್ಷದ ಹಿಂದಿನ ಮಾತು. ಒಂದು ಕೊಂಡರೆ ಒಂದು ಉಚಿತ ಅಂತ ಮಗ ಬೇರೊಂದು ಅಂಗಡಿಯಿಂದ ಅನ್ನದ ಎರಡು ಡಬ್ಬಿ ತಂದಿದ್ದ. ಒಂದು ತಿಂದ. ಇನ್ನೊಂದು ಬ್ಯಾಗಿನಲ್ಲಿ ಉಳಿಯಿತು. ಸಂಜೆ ಆಟ ಮುಗಿದ ಮೇಲೆ, ನಾಲ್ಕೂವರೆಗೆ, ಅದನ್ನೂ ತಿಂದ. ಏಳು ಗಂಟೆಗೆ ವಾಂತಿ ಶುರುವಾಯಿತು. ರಾತ್ರಿ ಹನ್ನೊಂದರವರೆಗೂ ಬಕೆಟ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ಅನ್ನ ಎಷ್ಟು ಹೊತ್ತಿನದು?'

ಈ ವಿಷಯ ಅಡುಗೆಮನೆಯಲ್ಲಿ ಕೆಲಸ ಮಾಡುವ ನನಗೆ ಚೆನ್ನಾಗಿ ಗೊತ್ತಿತ್ತು. ಮಗನಿಗೆ ಹೇಳಿಕೊಟ್ಟಿರಲಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಬೇಯಿಸಿದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನಕ್ಕೆ ವಾಸನೆ ಬಂದಿರಬೇಕು ಅಂತಲೂ ಇಲ್ಲ.

ನಿಯಮ ಸುಲಭ. ಬೆಂದ ಅಡುಗೆ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಬಿಸಿಲು ಜೋರಾಗಿ, 32 ಡಿಗ್ರಿ ದಾಟಿದ ದಿನ 1 ಗಂಟೆ ಮಾತ್ರ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆಯೇ ಸೂಕ್ಷ್ಮಜೀವಿಗಳು ಚೆನ್ನಾಗಿ ಬೆಳೆಯುವುದು. ಶಾಲೆಯ ಬ್ಯಾಗು ಯಾವಾಗಲೂ ಆ ನಡುವೆಯೇ ಇರುತ್ತದೆ. ನಮ್ಮ ಅಡುಗೆಮನೆಯಲ್ಲಿ ಪ್ರತಿ ಡಬ್ಬಿಯ ಮೇಲೂ ಮಾಡಿದ ಸಮಯ ಬರೆಯುತ್ತೇವೆ. ಮಗನಿಗೂ ಒಂದು ಮಾರ್ಕರ್ ಕೊಟ್ಟಿದ್ದೇನೆ. ಪಾರ್ಸೆಲ್ ಕೈಗೆ ಬಂದ ಕೂಡಲೇ ಮುಚ್ಚಳದ ಮೇಲೆ ಸಮಯ ಬರೆಯುತ್ತಾನೆ. ಮೊದಲು ಗೆಳೆಯರು ನಕ್ಕರಂತೆ. ಈಗ ಮಾರ್ಕರ್ ಎಲ್ಲರ ಕೈಗೂ ಓಡಾಡುತ್ತದೆ.

ಕೋಳಿ ತುಂಡನ್ನು ಕಚ್ಚುವ ಮುಂಚೆ ಮುರಿದು ನೋಡಲಿ. ಒಳಗೆ ತಣ್ಣಗಿದ್ದರೆ, ಹಸಿಯಾಗಿ ಕಂಡರೆ ವಾಪಸ್ ಕೊಡಲಿ, ನಾಚಿಕೆ ಬೇಡ. ನಾವು ತುಂಡಿನ ಒಳಗೆ ಥರ್ಮಾಮೀಟರ್ ಚುಚ್ಚಿ, 74 ಡಿಗ್ರಿ ಬಂದ ಮೇಲೆಯೇ ಹೊರಗೆ ಕೊಡಬೇಕು. ಆ ಗಡಿಬಿಡಿಯಲ್ಲಿ ಯಾರ ಕೈಯಲ್ಲಾದರೂ ತಪ್ಪಾಗಬಹುದು.

ಅಲರ್ಜಿ ಇರುವ ಮಕ್ಕಳಿಗೆ

ಮಗಳಿಗೆ ಶೇಂಗಾ ಅಲರ್ಜಿ. ಅವಳು ಹೊರಗಿನ ಊಟ ಕೇಳಿದಾಗ ನಾನು ಆರು ತಿಂಗಳು ಬೇಡ ಅಂದೆ. ಆಮೇಲೆ ಅವಳನ್ನು ನಮ್ಮ ಅಡುಗೆಮನೆಗೇ ಕರೆದುಕೊಂಡು ಹೋಗಿ ತೋರಿಸಿದೆ. ನೋಡು, ಈ ಸೌಟು ಆ ಪಾತ್ರೆಗೂ ಹೋಗುತ್ತದೆ. ಈ ಎಣ್ಣೆಯಲ್ಲಿ ಅದನ್ನೂ ಕರಿಯುತ್ತೇವೆ. ಈ ಸಾಸ್ ದೊಡ್ಡ ಡಬ್ಬಿಯಲ್ಲಿ ಬರುತ್ತದೆ, ಹೆಸರು ನೋಡಿದರೆ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ.

ಈಗ ಅವಳು ಹೇಳುವುದು ಹೀಗೆ: 'ನನಗೆ ಶೇಂಗಾ ಅಲರ್ಜಿ ಇದೆ. ಇದರಲ್ಲಿ, ಎಣ್ಣೆಯಲ್ಲಿ, ಸಾಸ್‌ನಲ್ಲಿ ಶೇಂಗಾ ಇದೆಯಾ? ಒಳಗೆ ಅಡುಗೆಯವರನ್ನ ಕೇಳಿ ಹೇಳ್ತೀರಾ?' ಬಿಲ್ ಹಾಕುವವರಿಗೆ ಅಡುಗೆಯ ವಿಷಯ ಗೊತ್ತಿರುವುದಿಲ್ಲ, ಅದಕ್ಕೇ ಒಳಗೆ ಕೇಳಿಸಬೇಕು. 'ಇರಲ್ಲ ಅನ್ಸುತ್ತೆ' ಅಂತ ಉತ್ತರ ಬಂದರೆ ಕೊಳ್ಳುವಂತಿಲ್ಲ. ಹೋದ ವಾರ ಸರಿ ಇತ್ತು ಅಂತ ಈ ವಾರ ಕೇಳದೆ ಇರುವಂತೆಯೂ ಇಲ್ಲ.

ಹದಿಹರೆಯದಲ್ಲಿ ಮಕ್ಕಳು ಗೆಳೆಯರ ಮುಂದೆ ಅಲರ್ಜಿ ಮುಚ್ಚಿಡುತ್ತಾರೆ. ದೊಡ್ಡ ಅಪಾಯ ಅದೇ. ಕನಿಷ್ಠ ಇಬ್ಬರು ಗೆಳೆಯರಿಗೆ ಗೊತ್ತಿರಲಿ. ಅಲರ್ಜಿ ಜೋರಾದಾಗ ತಕ್ಷಣ ಚುಚ್ಚುವ ಮದ್ದಿನ ಪೆನ್, ಅಂದರೆ ಅಡ್ರಿನಲಿನ್ ಇಂಜೆಕ್ಷನ್ ಪೆನ್, ಮೈಮೇಲೇ ಇರಬೇಕು. ಕ್ಲಾಸಿನಲ್ಲಿ ಬಿಟ್ಟುಬಂದ ಬ್ಯಾಗಿನಲ್ಲಿ ಇದ್ದರೆ ಇಲ್ಲದ ಹಾಗೇ. ಗಂಟಲು ಬಿಗಿದರೆ, ಉಸಿರಾಟ ಕಷ್ಟವಾದರೆ ಮೊದಲು ತೊಡೆಯ ಹೊರಭಾಗಕ್ಕೆ ಪೆನ್, ಆಮೇಲೆ ಆಂಬುಲೆನ್ಸಿಗೆ ಫೋನ್. ಮಲಗಿಸಬೇಕು. ಉಸಿರಾಟ ಕಷ್ಟವಿದ್ದರೆ ಕೂರಿಸಬಹುದು. ಎದ್ದು ನಡೆಯಲು ಬಿಡಬಾರದು. ಸ್ವಲ್ಪ ಸರಿ ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಇದನ್ನು ಮಗಳ ಗೆಳತಿಯರಿಬ್ಬರಿಗೆ ನಮ್ಮನೆಯಲ್ಲೇ, ಮದ್ದು ಇಲ್ಲದ ಅಭ್ಯಾಸದ ಪೆನ್ ಹಿಡಿಸಿ ತೋರಿಸಿದ್ದೇನೆ.

ದುಡ್ಡು, ಮತ್ತು ಪಕ್ಕಕ್ಕೆ ನಿಲ್ಲುವ ಮಗು

ದುಡ್ಡನ್ನು ದಿನ ದಿನ ಕೊಡುವ ಬದಲು ವಾರಕ್ಕೊಮ್ಮೆ ಕೊಡಿ. ಸೋಮವಾರವೇ ಖರ್ಚಾದರೆ ಉಳಿದ ದಿನ ಮನೆಯ ಡಬ್ಬಿ. ಒಂದೆರಡು ವಾರದಲ್ಲಿ ಲೆಕ್ಕ ಕೂರುತ್ತದೆ.

ಇನ್ನೊಂದು ಮಾತು ಹೇಳಬೇಕು. ಗುಂಪಿನಲ್ಲಿ ಬರುವ ಮಕ್ಕಳಲ್ಲಿ ಒಬ್ಬ ಯಾವಾಗಲೂ ಬಾಗಿಲ ಹತ್ತಿರ ನಿಂತಿರುತ್ತಾನೆ. 'ನಂಗೆ ಹಸಿವಿಲ್ಲ' ಅನ್ನುತ್ತಾನೆ. ಅವನ ಕಣ್ಣು ತಟ್ಟೆಯ ಮೇಲೆಯೇ ಇರುತ್ತದೆ. ಇದನ್ನು ನೋಡುವುದು ಕಷ್ಟ. ನಿಮ್ಮ ಮಕ್ಕಳಿಗೆ ಇದನ್ನು ಗಮನಿಸಲು ಹೇಳಿ. ಎಲ್ಲರ ಮುಂದೆ 'ನಾನು ಕೊಡಿಸ್ತೀನಿ' ಅನ್ನುವುದು ಬೇಡ, ಅವನಿಗೆ ಮುಜುಗರವಾಗುತ್ತದೆ. ಮಗನ ಗುಂಪು ಬೇರೆ ದಾರಿ ಕಂಡುಕೊಂಡಿದೆ. ಒಬ್ಬೊಬ್ಬರೂ ಒಂದೊಂದು ಡಬ್ಬಿ ಕೊಳ್ಳುವುದಿಲ್ಲ. ಐದು ಜನಕ್ಕೆ ಮೂರು ದೊಡ್ಡ ಡಬ್ಬಿ ಹೇಳುತ್ತಾರೆ, ಯಾರಾದರೊಬ್ಬರು ಮನೆಯಿಂದ ಹಣ್ಣು ತರುತ್ತಾರೆ. ದುಡ್ಡು ತಂದವರು ದುಡ್ಡು ಹಾಕುತ್ತಾರೆ, ಇಲ್ಲದವರು ಪಾರ್ಸೆಲ್ ತರಲು ಹೋಗುತ್ತಾರೆ. ಆರ್ಡರ್ ಕೊಡುವಾಗ ಚಮಚ ಐದು ಬೇಕು ಅಂತ ಮೊದಲೇ ಹೇಳುತ್ತಾರೆ. ನಾನೂ ಈಗ ಮಕ್ಕಳ ಆರ್ಡರ್ ಕಟ್ಟುವಾಗ ಒಂದೆರಡು ಚಮಚ ಜಾಸ್ತಿಯೇ ಹಾಕುತ್ತೇನೆ.