ಮೆಣಸಿನ ಏಣಿ, ಕಾಲಿನ ಕಂಬಿ

ಕೊಡಗಿನಲ್ಲಿ ಕರಿಮೆಣಸಿನ ಕೊಯ್ಲು ಶುರುವಾಯಿತೆಂದರೆ ಮೂಳೆ ವೈದ್ಯನಾದ ನನಗೆ ಬಿಡುವಿರುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ಜಾರಿದರೆ ಮುಗಿಯಿತು. ಆ ಮಾರ್ಚಿನಲ್ಲಿ ಸಿದ್ದಾಪುರದ ಕಡೆಯಿಂದ ಒಬ್ಬ ತೋಟದ ಕಾರ್ಮಿಕರನ್ನು ಜೀಪಿನಲ್ಲಿ ತಂದರು. ಮೊಣಕಾಲ ಕೆಳಗಿನ ದೊಡ್ಡ ಮೂಳೆ ಚೂರಾಗಿ ಹೊರಗೆ ಚಾಚಿತ್ತು, ಗಾಯದ ತುಂಬ ಮಣ್ಣು. ಯಾರೋ ಜಾಣರು ಅಡಿಕೆ ಹಾಳೆ ಇಟ್ಟು ಕಾಲನ್ನು ಅಲುಗಾಡದಂತೆ ಕಟ್ಟಿದ್ದರು.

ಚರ್ಮ ಹರಿದ ಮುರಿತಗಳ ತೀವ್ರತೆಯನ್ನು ಅಳೆಯುವ ಗಸ್ಟಿಲೊ ವರ್ಗೀಕರಣದಲ್ಲಿ ಇದು 3ಬಿ. ಅಂದರೆ ಮೂಳೆಯನ್ನು ಮುಚ್ಚಲು ಅಲ್ಲಿನ ಚರ್ಮ, ಮಾಂಸ ಸಾಲದು. ಬಂದ ಕೂಡಲೇ ಆಂಟಿಬಯಾಟಿಕ್ ಮತ್ತು ಧನುರ್ವಾಯು ಚುಚ್ಚುಮದ್ದು ಕೊಟ್ಟೆವು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಲೀಟರುಗಟ್ಟಲೆ ಸಲೈನ್ ಸುರಿದು ತೊಳೆದು, ಸತ್ತ ಮಾಂಸವನ್ನು ಕತ್ತರಿಸಿ ತೆಗೆದೆ. ಮುರಿತದ ಮೇಲೆ ಎರಡು, ಕೆಳಗೆ ಎರಡು, 5 ಮಿ.ಮೀ. ದಪ್ಪದ ಪಿನ್‌ಗಳನ್ನು ಮೂಳೆಗೆ ತಿರುಗಿಸಿ, ಹೊರಗಿನಿಂದ ರಾಡ್ ಜೋಡಿಸಿದೆ. ಕಾಲಿನ ಒಳಮಗ್ಗುಲಲ್ಲಿ ಮೂಳೆ ಚರ್ಮದಡಿಯಲ್ಲೇ ಸಿಗುವುದರಿಂದ ಪಿನ್‌ಗೆ ಅದೇ ದಾರಿ. ಮುಂದೆ ಮೈಸೂರಿನ ಪ್ಲಾಸ್ಟಿಕ್ ಸರ್ಜನ್ ಮಾಂಸ ತಿರುಗಿಸಿ ಹೊದಿಸಬೇಕಾದ ಜಾಗವನ್ನು ಬಿಟ್ಟೇ ಪಿನ್ ಹಾಕಿದೆ.

ತಪ್ಪಿದ್ದು ಸಣ್ಣದರಲ್ಲಿ. ಒಂದು ಪಿನ್ನಿನ ಸುತ್ತ ಚರ್ಮ ಬಿಗಿದುಕೊಂಡಿತ್ತು. ಅರ್ಧ ಸೆಂಟಿಮೀಟರ್ ಹೆಚ್ಚು ಕೊಯ್ದು ಸಡಿಲಿಸಬೇಕಿತ್ತು. ರಾತ್ರಿ ಎರಡು ಗಂಟೆಯಾಗಿತ್ತು, ಹಾಗೆಯೇ ಬಿಟ್ಟೆ. ಮೈಸೂರಿನಲ್ಲಿ ಗಾಯ ಚೆನ್ನಾಗಿ ಮುಚ್ಚಿತು, ಆದರೆ ಹನ್ನೆರಡನೆಯ ದಿನ ಆ ಪಿನ್ನಿನ ಬುಡದಲ್ಲಿ ಕೀವು. ಎರಡು ವಾರದೊಳಗೆ ಪಿನ್, ರಾಡಿನ ಈ ಕಂಬಿ ತೆಗೆದು ಮೂಳೆಯ ಟೊಳ್ಳಿನೊಳಗೆ ನೈಲ್, ಅಂದರೆ ಉದ್ದನೆಯ ಲೋಹದ ಸರಳು, ಹಾಕುವುದು ನನ್ನ ಲೆಕ್ಕಾಚಾರ. ಕೀವಿರುವಾಗ ನೈಲ್ ತೂರಿಸಿದರೆ ಸೋಂಕನ್ನು ಮಜ್ಜೆಯ ಉದ್ದಕ್ಕೂ ಹರಡಿದಂತೆ. ಆ ಪಿನ್ ಬದಲಿಸಿ, ಮೂಳೆ ಕೂಡುವವರೆಗೂ ಕಂಬಿಯನ್ನೇ ನಂಬಿದೆ.

“ಡಾಕ್ಟರೇ, ಇದನ್ನು ಇಟ್ಟುಕೊಂಡು ಲೈನ್ ಮನೆಯಲ್ಲಿ ಮಳೆಗಾಲ ಕಳೆಯುವುದು ಹೇಗೆ?” ಎಂದು ಅವರ ಹೆಂಡತಿ ಕೇಳಿದರು. ನ್ಯಾಯವಾದ ಪ್ರಶ್ನೆ. ಜುಲೈಯಲ್ಲಿ ತೋಟದ ಕಾರ್ಮಿಕರ ಆ ಸಾಲುಮನೆಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ. ಕೈ ತೊಳೆದು, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಜ್ ಅದ್ದಿ, ಒಂದೊಂದು ಪಿನ್ನಿಗೂ ಬೇರೆ ಬೇರೆ ತುಂಡಿನಿಂದ ದಿನಕ್ಕೊಮ್ಮೆ ಒರೆಸಲು ಕಲಿಸಿದೆ. ಆಕೆ ಮಾಡಿದಷ್ಟು ಶುದ್ಧವಾಗಿ ನಮ್ಮ ವಾರ್ಡಿನಲ್ಲೂ ನಡೆಯುವುದಿಲ್ಲ.

ತುಲಾ ಸಂಕ್ರಮಣದ ವಾರ ಎಕ್ಸ್‌ರೇ ಸಮಾಧಾನ ತಂದಿತು. ಪಿನ್ ತೆಗೆಯುವ ಮೊದಲು ರಾಡ್ ಮಾತ್ರ ಬಿಚ್ಚಿ ನಡೆಸಿದೆ. ನೋವಿರಲಿಲ್ಲ. “ಈ ಸಲದ ಮೆಣಸಿಗೆ ಏಣಿ ಹತ್ತಬಹುದೇ?” ಎಂದರು. ಕೆಳಗೆ ನಿಂತು ಏಣಿ ಹಿಡಿದುಕೊಳ್ಳಿ ಎಂದೆ.