ಹೊಸ ಟೀವಿ ಬೇಗ ಹಳತಾಗದಂತೆ ಕೊಳ್ಳುವುದು ಹೇಗೆ?

ನಮ್ಮ ಮನೆಯ ಟೀವಿಗೆ ಈಗ ಏಳು ವರ್ಷ. ಪರದೆ ಮೇಲೆ ಒಂದು ಗೀರಿಲ್ಲ, ಬಣ್ಣ ಮಾಸಿಲ್ಲ, ದನಿಯೂ ಚೆನ್ನಾಗಿದೆ. ಆದರೂ ಹೋದ ವರ್ಷ ಒಂದು ಸಂಜೆ ಅಮ್ಮ ರಿಮೋಟ್ ಒತ್ತಿದಾಗ ದಿನಾ ನೋಡುವ ಆ್ಯಪ್ ತೆರೆಯಲೇ ಇಲ್ಲ. ಕಪ್ಪು ಪರದೆ ಮೇಲೆ ಎರಡೇ ಸಾಲು, ಈ ಟೀವಿಯಲ್ಲಿ ಆ್ಯಪ್ ಇನ್ನು ಮುಂದೆ ಸಿಗುವುದಿಲ್ಲ ಅಂತ. "ಟೀವಿ ಕೆಟ್ಟುಹೋಯ್ತಾ?" ಅಂದರು ಅಮ್ಮ. ಕೆಟ್ಟಿರಲಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರಾಯಿತು.

ಆಮೇಲೆ ಯಾರು ಟೀವಿ ಕೊಳ್ಳಲು ಹೊರಟರೂ ನಾನು ಹೇಳುವುದು ಒಂದೇ. ಟೀವಿ ಅಂದರೆ ಒಂದೇ ಡಬ್ಬಿಯಲ್ಲಿ ಕೂತಿರುವ ಎರಡು ವಸ್ತು: ಮುಂದೆ ಪರದೆ, ಹಿಂದೆ ಪುಟ್ಟ ಕಂಪ್ಯೂಟರ್. ಒಳ್ಳೆಯ ಪರದೆ ಹತ್ತು ವರ್ಷ ಬಾಳಬಹುದು. ಕಂಪ್ಯೂಟರ್ ನಾಲ್ಕೈದು ವರ್ಷಕ್ಕೇ ಸುಸ್ತಾಗುತ್ತದೆ. ದುಡ್ಡೆಲ್ಲಾ ಪರದೆಗೆ ಹಾಕಿ, ಕಂಪ್ಯೂಟರನ್ನು ಮುಂದೊಂದು ದಿನ ಬದಲಿಸುವ ಭಾಗ ಅಂತಲೇ ನೋಡಿ.

ಈ ಕಂಪ್ಯೂಟರ್ ಯಾಕೆ ಇಷ್ಟು ಬೇಗ ಸೋಲುತ್ತದೆ? 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ವ್ಯವಸ್ಥೆಯೊಂದನ್ನು ನಿಲ್ಲಿಸಿತು, 2012 ಮತ್ತು ಅದಕ್ಕೂ ಹಿಂದಿನ ಎಷ್ಟೋ ಸ್ಮಾರ್ಟ್ ಟೀವಿಗಳಲ್ಲಿ ಆ ಆ್ಯಪ್ ಅಲ್ಲಿಗೆ ಮುಗಿಯಿತು. ಕೊಂಡು ಮೂರೇ ವರ್ಷ ಆದವರೂ ಅದರಲ್ಲಿದ್ದರು. 2019ರ ಡಿಸೆಂಬರ್‌ನಲ್ಲಿ ಹಳೆಯ ಕೆಲವು ಸ್ಯಾಮ್‌ಸಂಗ್ ಟೀವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತಿತು. ಇನ್ನೊಂದು ಕಾರಣ ಚಿಪ್‌ನಲ್ಲೇ ಇದೆ. ವಿಡಿಯೊವನ್ನು ಚಿಕ್ಕದಾಗಿ ಕುಗ್ಗಿಸಿ ಕಳಿಸುವ ಏವಿ1 ಎಂಬ ವಿಧಾನ 2018ರಲ್ಲಿ ಬಂತು. ಅದನ್ನು ಸಲೀಸಾಗಿ ಬಿಡಿಸಿ ತೋರಿಸುವ ಶಕ್ತಿ ಚಿಪ್ ಮಾಡುವಾಗಲೇ ಅದರೊಳಗೆ ಬಂದಿರಬೇಕು, ಆಮೇಲೆ ಎಷ್ಟು ಅಪ್‌ಡೇಟ್ ಹಾಕಿದರೂ ಬರುವುದಿಲ್ಲ.

ಸರಿ, ಈಗ ಕೊಳ್ಳುವ ಕೆಲಸಕ್ಕೆ ಬರೋಣ.

ಮೊದಲು ಟೇಪ್ ಹಿಡಿಯಿರಿ

ಅಂಗಡಿಗೆ ಹೋಗುವ ಮುಂಚೆ, ನೀವು ಕೂರುವ ಜಾಗದಿಂದ ಟೀವಿ ಇಡುವ ಗೋಡೆವರೆಗೆ ಅಳೆಯಿರಿ. ಈ ಒಂದು ಅಳತೆ ಅರ್ಧ ಗೊಂದಲ ಕಳೆಯುತ್ತದೆ. 55 ಇಂಚಿನ ಪರದೆಯ ಎತ್ತರ ಸುಮಾರು 68 ಸೆಂಟಿಮೀಟರ್. ಫುಲ್ ಎಚ್‌ಡಿ ಚಿತ್ರದ ಚುಕ್ಕಿಗಳು ಕಣ್ಣಿಗೆ ಬೇರೆ ಬೇರೆಯಾಗಿ ಕಾಣದಿರಲು ಆ ಎತ್ತರದ ಮೂರು ಪಟ್ಟು, ಅಂದರೆ ಸುಮಾರು 2 ಮೀಟರ್ ದೂರ ಸಾಕು. ಅದಕ್ಕಿಂತ ನಾಲ್ಕು ಪಟ್ಟು ಚುಕ್ಕಿಗಳಿರುವ 4ಕೆಗೆ ಎತ್ತರದ ಒಂದೂವರೆ ಪಟ್ಟು, ಒಂದು ಮೀಟರ್ ಚಿಲ್ಲರೆ. 8ಕೆಯ ಪೂರ್ತಿ ಲಾಭ ಬೇಕಂದರೆ ಅರ್ಧ ಮೀಟರ್ ದೂರದಲ್ಲಿ ಕೂರಬೇಕು! ಮನೆಯಲ್ಲಿ ಯಾರೂ ಹಾಗೆ ಕೂರುವುದಿಲ್ಲ ಅಲ್ವಾ? 8ಕೆ ಪರದೆಯಲ್ಲಿ 3.3 ಕೋಟಿ ಚುಕ್ಕಿಗಳಿರುವುದು ನಿಜ, 4ಕೆಯಲ್ಲಿ 83 ಲಕ್ಷ. ಆದರೆ ಎರಡೂವರೆ ಮೀಟರ್ ದೂರದಿಂದ ಅವು ಒಂದೇ ಥರ ಕಾಣುತ್ತವೆ. ಹಾಗಾಗಿ "8ಕೆ ಬಂದರೆ ನನ್ನ 4ಕೆ ಹಳತಾಗುತ್ತದೆ" ಅನ್ನುವ ಭಯ ಬಿಡಿ.

ಆ ವರ್ಷದ ಹೊಸ ಆಕರ್ಷಣೆಗೆ ದುಡ್ಡು ಹಾಕಬೇಡಿ

2010ರಲ್ಲಿ 3ಡಿ ಟೀವಿ ಅಂದರೆ ಎಲ್ಲರಿಗೂ ಹುಚ್ಚು. ಕನ್ನಡಕ ಹಾಕಿಕೊಂಡು ಮನೆಯಲ್ಲೇ ಸಿನಿಮಾ ಅಂತ ಜನ ಜಾಸ್ತಿ ದುಡ್ಡು ಕೊಟ್ಟು ತಂದರು. 2017ರ ಹೊತ್ತಿಗೆ ಎಲ್‌ಜಿ, ಸೋನಿ ಕೂಡ ಕೈಬಿಟ್ಟವು. ಬಾಗಿದ ಪರದೆಯ ಕಥೆಯೂ ಅಷ್ಟೇ. ನನಗೆ ಇದರಲ್ಲಿ ಸಿಟ್ಟು ಬರುವುದು ಯಾಕಂದರೆ, ಆ ಹೆಚ್ಚಿನ ದುಡ್ಡಿನಲ್ಲಿ ಅವರಿಗೆ ಒಂದು ಮೆಟ್ಟಿಲು ಮೇಲಿನ ಪರದೆಯೇ ಸಿಗುತ್ತಿತ್ತು, ಕಪ್ಪು ಬಣ್ಣ ಕಪ್ಪಾಗಿಯೇ ಕಾಣುವ, ಪಕ್ಕದಿಂದ ನೋಡಿದರೂ ಬಣ್ಣ ಮಾಸದ ಪರದೆ. ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತಿತ್ತು.

ಹಿಂದುಗಡೆ ನೋಡಿ

ಅಂಗಡಿಯಲ್ಲಿ ಎಲ್ಲರೂ ಮುಂದೆ ನಿಂತು ಚಿತ್ರ ನೋಡುತ್ತಾರೆ. ನೀವು ಹಿಂದೆ ಹೋಗಿ. ಚಿತ್ರ, ದನಿ ಎರಡನ್ನೂ ಒಂದೇ ವೈರಿನಲ್ಲಿ ತರುವ ಎಚ್‌ಡಿಎಂಐ ಪೋರ್ಟ್ ಎಷ್ಟಿವೆ ಎಣಿಸಿ. ಮೂರಕ್ಕಿಂತ ಕಡಿಮೆ ಇದ್ದರೆ ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಸ್ಟ್ರೀಮಿಂಗ್ ಸ್ಟಿಕ್ (ಆ್ಯಪ್‌ಗಳನ್ನು ಟೀವಿಗೆ ತರುವ ಪುಟ್ಟ ಸಾಧನ) ಸೇರಿದ ಕೂಡಲೇ ಜಾಗ ಮುಗಿಯುತ್ತದೆ. ಪೆಟ್ಟಿಗೆ ಮೇಲೆ ಎಚ್‌ಡಿಎಂಐ 2.1 ಎಂದು ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ. ಆ ಹೆಸರಿನಡಿ ಎಲ್ಲಾ ಸೌಲಭ್ಯಗಳೂ ಇರಲೇಬೇಕು ಎಂಬ ನಿಯಮವಿಲ್ಲ. ಎಷ್ಟೋ ಟೀವಿಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ 4ಕೆ 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಚಿತ್ರ, ಬರುವುದು ಒಂದೆರಡರಲ್ಲಿ ಮಾತ್ರ. ಗೇಮ್ ಆಡುವವರು ಮನೆಯಲ್ಲಿದ್ದರೆ ಹೀಗೆ ಕೇಳಿ: 4ಕೆ 120 ಹರ್ಟ್ಸ್ ಯಾವ ಪೋರ್ಟ್‌ನಲ್ಲಿ? ಪರದೆ ನಿಜವಾಗಿ 120 ಹರ್ಟ್ಸಾ? "ಮೋಷನ್ 240" ಥರದ ದೊಡ್ಡ ಸಂಖ್ಯೆಗಳು ಪರದೆಯ ನಿಜವಾದ ವೇಗ ಅಲ್ಲ. ಸೌಂಡ್‌ಬಾರ್ ಹಾಕುವವರಿಗೆ ಇಆರ್ಕ್ (ಟೀವಿಯ ದನಿಯನ್ನು ಸೌಂಡ್‌ಬಾರ್‌ಗೆ ಕಳಿಸುವ ಸೌಲಭ್ಯ) ಇರುವ ಪೋರ್ಟ್ ಒಂದು ಇದ್ದರೆ ಒಳ್ಳೆಯದು.

ಹುಟ್ಟಿದ ವರ್ಷ ಕೇಳಿ

ಕಂಪನಿಗಳು ಸಾಮಾನ್ಯವಾಗಿ ಪ್ರತಿ ವರ್ಷ ಹೊಸ ಮಾದರಿ ತರುತ್ತವೆ, ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಪ್ರದರ್ಶನದಲ್ಲಿ ಅದರ ಸದ್ದು ಶುರುವಾಗುತ್ತದೆ. ಹೊಸದು ಬಂದ ಮೇಲೆ ಹಿಂದಿನ ವರ್ಷದ್ದರ ಬೆಲೆ ಇಳಿಯುತ್ತದೆ, ಪರದೆಯಲ್ಲಿ ಬಹಳ ಸಲ ದೊಡ್ಡ ವ್ಯತ್ಯಾಸ ಇರುವುದಿಲ್ಲ. ನಾನಾದರೆ ಹಿಂದಿನ ವರ್ಷದ್ದನ್ನೇ ಕೊಳ್ಳುತ್ತೇನೆ. ಒಂದು ಎಚ್ಚರ ಮಾತ್ರ ಬೇಕು: ಅಪ್‌ಡೇಟ್‌ನ ಲೆಕ್ಕ ಸಾಮಾನ್ಯವಾಗಿ ನೀವು ಕೊಂಡ ದಿನದಿಂದ ಅಲ್ಲ, ಆ ಮಾದರಿ ಬಂದ ವರ್ಷದಿಂದ ಶುರು. 2024ರಲ್ಲಿ ಸ್ಯಾಮ್‌ಸಂಗ್ ತನ್ನ ಆ ವರ್ಷದ ಟೀವಿಗಳಿಗೆ 7 ವರ್ಷ, ಎಲ್‌ಜಿ ಆಯ್ದ ಮಾದರಿಗಳಿಗೆ 5 ವರ್ಷ ಸಾಫ್ಟ್‌ವೇರ್ ಅಪ್‌ಗ್ರೇಡ್ ಕೊಡುವುದಾಗಿ ಹೇಳಿದವು. ನೀವು ನೋಡಿದ ಮಾದರಿಗೆ ಎಷ್ಟು ವರ್ಷ ಅಂತ ಕಂಪನಿಯ ವೆಬ್‌ಸೈಟ್‌ನಲ್ಲೇ ನೋಡಿ, ಅಂಗಡಿಯವರ ಬಾಯಿಮಾತಿಗೆ ಬಿಡಬೇಡಿ.

ಆ್ಯಪ್‌ಗಳನ್ನು ಇಡುವ ಜಾಗ, ಅಂದರೆ ಸ್ಟೋರೇಜ್ ಎಷ್ಟು ಅಂತಲೂ ಕೇಳಿ. 8 ಜೀಬಿ ಅಂದರೆ ಅದರಲ್ಲಿ ದೊಡ್ಡ ಪಾಲನ್ನು ಸಿಸ್ಟಂ ಮೊದಲೇ ನುಂಗಿರುತ್ತದೆ.

ಮನೆಗೆ ತಂದ ಮೇಲೆ

ಮೊದಲ ದಿನವೇ ಪಿಕ್ಚರ್ ಮೋಡ್ ಬದಲಿಸಿ. ಕಣ್ಣು ಕುಕ್ಕುವ ವಿವಿಡ್ ಮೋಡ್ ಅಂಗಡಿಯ ಬೆಳಕಿಗೆ ಸರಿ. ಮನೆಯಲ್ಲಿ ಅದನ್ನೇ ಬಿಟ್ಟರೆ ಪರದೆಯ ಹಿಂದಿನ ಎಲ್‌ಇಡಿಗಳು ಸುಮ್ನೆ ಬಿಸಿಯಾಗಿ ಬೇಗ ಸವೆಯುತ್ತವೆ. ಸಿನಿಮಾ ಮೋಡ್ ಹಾಕಿ, ಬ್ಯಾಕ್‌ಲೈಟ್ ಸ್ವಲ್ಪ ಇಳಿಸಿ. ಎರಡು ದಿನ ಮಂಕು ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತದೆ. ಉಪಯೋಗಿಸದ ಆ್ಯಪ್‌ಗಳನ್ನು ತೆಗೆದುಹಾಕಿ. ಎರಡು ಮೂರು ವರ್ಷಕ್ಕೆ ಟೀವಿ ತೀರಾ ನಿಧಾನವಾದರೆ ಒಮ್ಮೆ ಫ್ಯಾಕ್ಟರಿ ರೀಸೆಟ್ (ಎಲ್ಲಾ ಅಳಿಸಿ ಹೊಸದಿದ್ದ ಸ್ಥಿತಿಗೆ ತರುವುದು) ಮಾಡಿ, ಪಾಸ್‌ವರ್ಡ್‌ಗಳನ್ನು ಬರೆದಿಟ್ಟುಕೊಂಡು.

ಆ್ಯಪ್ ನಿಂತುಹೋದ ದಿನ ಬಂದರೆ ಟೀವಿಯನ್ನು ಹೊರಗೆ ಹಾಕಬೇಡಿ. ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಎಚ್‌ಡಿಎಂಐ ಪೋರ್ಟ್‌ಗೆ ಚುಚ್ಚಿದರೆ ಹಳೆ ಪರದೆಗೆ ಹೊಸ ಕಂಪ್ಯೂಟರ್ ಬಂದ ಹಾಗೆ. ನಮ್ಮ ಮನೆಯಲ್ಲೂ ಅದನ್ನೇ ಮಾಡಿದೆವು. ಶುರುವಿನಲ್ಲಿ ಅದು ಧಾರಾವಾಹಿಯ ಮಧ್ಯೆ ತಾನಾಗೇ ಆಫ್ ಆಗಿ ಆನ್ ಆಗುತ್ತಿತ್ತು, ಅಮ್ಮ ಇದೂ ಕೆಟ್ಟಿತು ಅಂದುಕೊಂಡಿದ್ದರು. ಕರೆಂಟ್‌ಗಾಗಿ ಅದರ ವೈರನ್ನು ಟೀವಿಯ ಯುಎಸ್‌ಬಿಗೆ ಸಿಕ್ಕಿಸಿದ್ದೆ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು ಅರ್ಧ ಆಂಪಿಯರ್, ಸ್ಟಿಕ್‌ಗೆ ಅದು ಸಾಲುವುದಿಲ್ಲ. ಜೊತೆಗೆ ಬಂದ ಅಡಾಪ್ಟರ್ ತೆಗೆದು ಗೋಡೆಯ ಪ್ಲಗ್‌ಗೆ ಹಾಕಿದೆ, ಸರಿಹೋಯಿತು.