ಬೇಸಿನ್ ಕಟ್ಟೆಗೆ ಕಲ್ಲು ಆರಿಸುವ ಮುನ್ನ

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲಿನ ಹಲಗೆಗಳೆಲ್ಲ ಒಣಗಿರುತ್ತವೆ. ಮೇಲಿನಿಂದ ದೀಪದ ಬೆಳಕು ಬೀಳುತ್ತಿರುತ್ತದೆ, ಪಾಲಿಶ್ ಹೊಳೆಯುತ್ತಿರುತ್ತದೆ, ಯಾರೂ ಅದರ ಪಕ್ಕ ನಿಂತು ಹಲ್ಲುಜ್ಜಿರುವುದಿಲ್ಲ. ಅದೇ ಕಲ್ಲು ಬಚ್ಚಲುಮನೆಗೆ ಬಂದ ಮೇಲೆ ದಿನದ ಬಹುಪಾಲು ಒದ್ದೆಯಾಗಿಯೇ ಇರುತ್ತದೆ. ಬೇಸಿನ್ ಕಟ್ಟೆಯ ಆಯ್ಕೆಯಲ್ಲಿ ಎಡವುವವರೆಲ್ಲ ಸಾಮಾನ್ಯವಾಗಿ ಎಡವುವುದು ಇಲ್ಲಿಯೇ: ಒಣ ಕಲ್ಲನ್ನು ನೋಡಿ ಒದ್ದೆ ಜಾಗಕ್ಕೆ ಕೊಳ್ಳುತ್ತಾರೆ.

ಇನ್ನೊಂದು ಗೊಂದಲವೂ ಇದೆ. ಅಡುಗೆಮನೆಯ ಕಟ್ಟೆಗೆ ಹೇಳುವ ಮಾತನ್ನೇ ಬಚ್ಚಲಿಗೂ ಹೇಳುತ್ತಾರೆ: ಗಟ್ಟಿ ಇರಬೇಕು, ಗೀರು ಬೀಳಬಾರದು, ಬಿಸಿ ತಡೆಯಬೇಕು ಎಂದು. ಆದರೆ ಬೇಸಿನ್ ಪಕ್ಕದಲ್ಲಿ ಯಾರೂ ತರಕಾರಿ ಹೆಚ್ಚುವುದಿಲ್ಲ, ಬಾಣಲೆ ಇಳಿಸುವುದಿಲ್ಲ. ಅಲ್ಲಿನ ಶತ್ರುಗಳೇ ಬೇರೆ. ನಿಂತ ನೀರು, ಸೋಪಿನ ಲೋಳೆ, ಗಡಸು ನೀರು ಆರಿದಾಗ ಉಳಿಯುವ ಬಿಳಿ ಪೊರೆ, ಕೂದಲಿನ ಬಣ್ಣ, ತಲೆಗೆ ಹಚ್ಚುವ ಎಣ್ಣೆ, ನೇಲ್ ಪಾಲಿಶ್ ಅಳಿಸುವ ದ್ರವ. ಇವೆಲ್ಲವನ್ನೂ ಮೀರಿಸುವುದು ಸ್ವಚ್ಛತೆಗೆಂದು ಸುರಿಯುವ ಆಮ್ಲ. ಆದ್ದರಿಂದ ಇಲ್ಲಿ ಗಡಸುತನಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡು: ಈ ವಸ್ತು ನೀರು ಹೀರುತ್ತದೆಯೇ? ಆಮ್ಲಕ್ಕೆ ಸ್ಪಂದಿಸುತ್ತದೆಯೇ?

ಮೊದಲು ಬೇಸಿನ್, ಆಮೇಲೆ ಕಲ್ಲು

ಕಲ್ಲು ನೋಡಲು ಹೊರಡುವ ಮೊದಲು ಬೇಸಿನ್ ಮತ್ತು ನಲ್ಲಿ ಯಾವುದೆಂದು ತೀರ್ಮಾನಿಸಿ. ಕಟ್ಟೆಯನ್ನು ಎಲ್ಲಿ, ಎಷ್ಟು ಕತ್ತರಿಸಬೇಕು ಎಂಬುದು ಅದರ ಮೇಲೆಯೇ ನಿಂತಿದೆ.

ಬಟ್ಟಲಿನಂತೆ ಕಟ್ಟೆಯ ಮೇಲೆ ಕೂರುವ ಬೇಸಿನ್ ಆದರೆ ನೀರು ಹೋಗುವ ಒಂದು ತೂತು ಸಾಕು. ಕಲ್ಲಿನ ಬಲ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ಆದರೆ ಬಟ್ಟಲಿನ ಬುಡಕ್ಕೂ ಕಟ್ಟೆಗೂ ನಡುವಿನ ಸುತ್ತಿನಲ್ಲಿ ಕೊಳೆ ಕೂರುತ್ತದೆ, ಬಟ್ಟೆ ಹೋಗದ ಹಿಂಬದಿಯಲ್ಲಂತೂ ಇನ್ನೂ ಹೆಚ್ಚು. ಎತ್ತರವನ್ನೂ ಲೆಕ್ಕ ಹಾಕಬೇಕು. ನೆಲದಿಂದ ಬೇಸಿನ್ನಿನ ಅಂಚಿಗೆ 80ರಿಂದ 85 ಸೆಂಟಿಮೀಟರ್ ಇದ್ದರೆ ಹೆಚ್ಚಿನ ವಯಸ್ಕರಿಗೆ ಅನುಕೂಲ. ಬಟ್ಟಲೇ 12ರಿಂದ 15 ಸೆಂಟಿಮೀಟರ್ ಎತ್ತರವಿದ್ದರೆ ಕಟ್ಟೆಯನ್ನು ಅಷ್ಟು ತಗ್ಗಿಸಬೇಕು. ಇದನ್ನು ಮರೆತ ಮನೆಗಳಲ್ಲಿ ಮಕ್ಕಳು ಮುಖ ತೊಳೆದರೆ ನೀರು ಮೊಣಕೈಯಿಂದ ನೆಲಕ್ಕೆ ಸುರಿಯುತ್ತದೆ.

ಕಟ್ಟೆಯ ಕೆಳಗೆ ಅಂಟಿಸುವ ಬೇಸಿನ್ ಬಳಸಲು ಸುಲಭ. ಕಟ್ಟೆಯ ಮೇಲೆ ಚೆಲ್ಲಿದ ನೀರನ್ನು ಕೈಯಿಂದಲೇ ಒಳಗೆ ತಳ್ಳಬಹುದು. ಆದರೆ ಅಲ್ಲಿ ಕತ್ತರಿಸಿದ ಕಲ್ಲಿನ ದಪ್ಪ ಅಂಚು ಬೆತ್ತಲೆಯಾಗಿ ನೀರಿಗೆ ಒಡ್ಡಿಕೊಂಡಿರುತ್ತದೆ. ಆ ಒಳ ಅಂಚಿಗೂ ಪಾಲಿಶ್ ಬೇಕು, ನೀರು ಹೀರುವ ಕಲ್ಲಾದರೆ ಸೀಲರ್, ಅಂದರೆ ನೀರು ಒಳಗಿಳಿಯದಂತೆ ತಡೆಯಲು ಹಚ್ಚುವ ದ್ರವ ಬೇಕು. ಪುಡಿಹಲಗೆಯ ಮೇಲೆ ತೆಳು ಹಾಳೆ ಅಂಟಿಸಿದ ಲ್ಯಾಮಿನೇಟ್ ಮತ್ತು ಸಾದಾ ಮರಕ್ಕೆ ಈ ಬಗೆಯ ಬೇಸಿನ್ ಹೊಂದುವುದೇ ಇಲ್ಲ.

ನಲ್ಲಿಯ ವಿಷಯದಲ್ಲಿ ನನ್ನ ಒಲವು ಗೋಡೆಯ ಕಡೆಗೆ. ಕಟ್ಟೆಯ ಮೇಲೆ ನಿಲ್ಲುವ ನಲ್ಲಿಗೆ ಸಾಮಾನ್ಯವಾಗಿ 35 ಮಿಲಿಮೀಟರ್ ತೂತು ಕೊರೆಯುತ್ತಾರೆ. ಒದ್ದೆ ಕೈಯಿಂದ ನಲ್ಲಿ ತಿರುಗಿಸಿದಾಗಲೆಲ್ಲ ನೀರು ಅದರ ಬುಡಕ್ಕೆ ಇಳಿದು ನಿಲ್ಲುತ್ತದೆ, ಬಿಳಿ ಪೊರೆ ಕಟ್ಟುವುದು ಮೊದಲು ಅಲ್ಲಿಯೇ. ಗೋಡೆಯಿಂದ ಬರುವ ನಲ್ಲಿಗೆ ಈ ಕಾಟವಿಲ್ಲ. ಆದರೆ ಗೋಡೆ ಒಡೆಯುವ ಹಂತದಲ್ಲೇ ಅದನ್ನು ನಿರ್ಧರಿಸಿರಬೇಕು. ಟೈಲ್ ಅಂಟಿಸಿದ ಮೇಲೆ ಹೊಳೆದರೆ ಪ್ರಯೋಜನವಿಲ್ಲ.

ಗ್ರಾನೈಟ್ ಮತ್ತು ಕ್ವಾರ್ಟ್ಜ್

ಹೆಚ್ಚಿನವರ ಪಟ್ಟಿ ಕೊನೆಗೆ ಇವೆರಡಕ್ಕೇ ಇಳಿಯುತ್ತದೆ. ನೋಡಲು ಹತ್ತಿರ, ಗುಣದಲ್ಲಿ ದೂರ.

ಗ್ರಾನೈಟ್ ಭೂಮಿಯೊಳಗೆ ಶಿಲಾಪಾಕ ನಿಧಾನವಾಗಿ ತಣಿದು ಹುಟ್ಟಿದ ಕಲ್ಲು. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕದ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮನೆಯಲ್ಲಿ ಬಳಸುವ ಸಾಮಾನ್ಯ ಆಮ್ಲಗಳಿಗೆ ಅದು ಜಗ್ಗುವುದಿಲ್ಲ, ಬಿಸಿ ಉಪಕರಣ ಇಟ್ಟರೂ ಚಿಂತೆಯಿಲ್ಲ. ಹರಳುಗಳ ನಡುವಿನ ಸಣ್ಣ ಸಂದುಗಳಲ್ಲಿ ನೀರು, ಎಣ್ಣೆ ಇಳಿಯಬಹುದು ಎಂಬುದೊಂದೇ ತಕರಾರು. ತಿಳಿ ಬಣ್ಣದ ಗ್ರಾನೈಟಿನಲ್ಲಿ ಸೋಪಿನ ಬಾಟಲಿಯ ಕೆಳಗೆ ಕಪ್ಪು ಉಂಗುರ ಮೂಡುವುದು ಇದರಿಂದಲೇ. ಸೀಲರ್ ಹಚ್ಚಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ಸೀಲರ್ ಶಾಶ್ವತವಲ್ಲ. ಕರಿ ಗ್ರಾನೈಟ್ ಎಂದು ಮಾರುವ ಕಲ್ಲುಗಳಲ್ಲಿ ಹಲವು ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ. ಅವು ಗ್ಯಾಬ್ರೋ, ಡಾಲರೈಟ್ ಜಾತಿಯವು. ಅವು ನೀರು ಹೀರುವುದು ತೀರಾ ಕಡಿಮೆ. ಹಾಗೆಂದು ಕಪ್ಪು ಬಣ್ಣಕ್ಕೆ ಮನಸೋಲುವ ಮೊದಲು ಒಂದು ಮಾತು: ಗಡಸು ನೀರಿನ ಪ್ರತಿಯೊಂದು ಹನಿಯ ಗುರುತೂ ಕಪ್ಪು ಪಾಲಿಶಿನ ಮೇಲೆ ಎದ್ದು ಕಾಣುತ್ತದೆ. ಬಣ್ಣ ಬಳಿದು ಕಪ್ಪಾಗಿಸಿದ ಕಲ್ಲುಗಳೂ ಇವೆ. ಬಿಳಿ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಉಜ್ಜಿದಾಗ ಬಟ್ಟೆ ಕಪ್ಪಾದರೆ ಆ ಹಲಗೆಯನ್ನು ಅಲ್ಲಿಯೇ ಬಿಟ್ಟು ಬನ್ನಿ.

ಕ್ವಾರ್ಟ್ಜ್ ಎಂದು ಕರೆಯುವುದು ಗಣಿಯಿಂದ ಇಡಿಯಾಗಿ ಬಂದ ಕಲ್ಲಲ್ಲ. ತೂಕದ ಲೆಕ್ಕದಲ್ಲಿ ಸಾಮಾನ್ಯವಾಗಿ ಶೇ 90ರಷ್ಟು ಬೆಣಚಿನ ಚೂರು ಮತ್ತು ಪುಡಿ, ಉಳಿದದ್ದು ಅದನ್ನು ಹಿಡಿದಿಡುವ ಪಾಲಿಯೆಸ್ಟರ್ ರಾಳ ಮತ್ತು ಬಣ್ಣ. ಒತ್ತಿ, ಕಾಯಿಸಿ ಹಲಗೆ ಮಾಡುತ್ತಾರೆ. ಸಂದುಗಳೇ ಇಲ್ಲದ ಕಾರಣ ಸೀಲರ್ ಬೇಡ, ಬಣ್ಣ ಒಂದೇ ಸಮ, ಒರೆಸಿದರೆ ಮುಗಿಯಿತು. ದಿನವೂ ಹಲವರು ಬಳಸುವ, ಯಾರೂ ಒರೆಸದ ಬಚ್ಚಲಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ದೌರ್ಬಲ್ಯ ಇರುವುದು ರಾಳದಲ್ಲಿ. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾಳ ಕೆಡತೊಡಗುತ್ತದೆ, ಕೂದಲು ನೇರ ಮಾಡುವ ಇಕ್ಕಳ 200 ಡಿಗ್ರಿಗೂ ಮೇಲೆ ಕಾಯುತ್ತದೆ. ಅದನ್ನು ನೇರವಾಗಿ ಕಟ್ಟೆಯ ಮೇಲೆ ಮಲಗಿಸಿದರೆ ಹಳದಿ ಗುರುತು ಉಳಿಯಬಹುದು, ಆ ಗುರುತು ಉಜ್ಜಿದರೆ ಹೋಗುವುದಿಲ್ಲ. ಕಿಟಕಿಯ ನೇರ ಬಿಸಿಲು ದಿನವೂ ಬೀಳುವ ಜಾಗದಲ್ಲಿ ಬಿಳಿ ಕ್ವಾರ್ಟ್ಜ್ ಕ್ರಮೇಣ ಹಳದಿಗೆ ತಿರುಗಬಹುದು.

ಇಲ್ಲೊಂದು ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಕ್ವಾರ್ಟ್ಜ್ ಹಲಗೆಯನ್ನು ಒಣದಾಗಿ ಕತ್ತರಿಸಿದಾಗ ಏಳುವ ತೀರಾ ಸಣ್ಣ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂತಹ ಹಲಗೆಗಳ ತಯಾರಿಕೆ, ಮಾರಾಟ, ಅಳವಡಿಕೆಯನ್ನು ನಿಷೇಧಿಸಿತು. ಅಳವಡಿಸಿದ ಕಟ್ಟೆಯಿಂದ ಮನೆಯವರಿಗೆ ಅಪಾಯವಿಲ್ಲ, ಅಪಾಯ ಇರುವುದು ಕತ್ತರಿಸುವವರಿಗೆ. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ ಅಷ್ಟೇ. ಕತ್ತರಿಸುವ ಕೆಲಸವೆಲ್ಲ ಕಾರ್ಖಾನೆಯಲ್ಲಿ, ನೀರು ಹರಿಸುತ್ತಾ ನಡೆಯಲಿ ಎಂದು ಮೊದಲೇ ಮಾತಾಡಿಕೊಳ್ಳಿ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಣ ಚಕ್ರದಿಂದ ಕೊರೆಯಲು ಬಿಡಬೇಡಿ.

ಮಾರ್ಬಲ್ ಬೇಕೇ ಬೇಕು ಎನ್ನುವವರಿಗೆ

ಬೇಡ ಎಂದು ಹೇಳುವುದು ಸುಲಭ, ಆದರೆ ಅದು ಅನ್ಯಾಯ. ಅಡುಗೆಮನೆಗಿಂತ ಬಚ್ಚಲಿನಲ್ಲಿ ಮಾರ್ಬಲ್ ಚೆನ್ನಾಗಿಯೇ ಬಾಳುತ್ತದೆ. ಅದರ ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪನದಲ್ಲಿ 3 ಮಾತ್ರ, ಗ್ರಾನೈಟಿನದು 6ರಿಂದ 7. ಬೇಸಿನ್ ಪಕ್ಕದಲ್ಲಿ ಅದು ಅಷ್ಟು ಬಾಧಿಸುವುದಿಲ್ಲ. ಬಾಧಿಸುವುದು ಅದರ ರಸಾಯನ. ಮಾರ್ಬಲ್ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಅದು ಕರಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಒಂದು ಚೂರು ಪಾಲಿಶ್ ಮಾರ್ಬಲ್ ಮೇಲೆ ನಿಂಬೆರಸದ ಹನಿ ಬಿಟ್ಟು ಬಗ್ಗಿ ನೋಡಿ. ಹನಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಐದು ನಿಮಿಷ ಬಿಟ್ಟು ಒರೆಸಿ. ನೇರವಾಗಿ ನೋಡಿದರೆ ಏನೂ ಆಗಿಲ್ಲವೆನಿಸುತ್ತದೆ. ಚೂರನ್ನು ಓರೆ ಮಾಡಿ ಬೆಳಕಿಗೆ ಹಿಡಿದರೆ ಹೊಳಪಿನ ನಡುವೆ ಒಂದು ಮಂಕು ವೃತ್ತ ಕಾಣುತ್ತದೆ, ಬೆರಳಿಗೆ ಕೊಂಚ ತರಿತರಿ. ಅದು ಕಲೆಯಲ್ಲ, ಕಲ್ಲಿನ ಮೇಲ್ಮೈಯೇ ಹೋಗಿದೆ. ಆದ್ದರಿಂದ ಯಾವ ಮಾರ್ಜಕವೂ ಅದನ್ನು ತೆಗೆಯದು, ಮತ್ತೆ ಪಾಲಿಶ್ ಮಾಡಿಸುವುದೊಂದೇ ದಾರಿ. ಸೀಲರ್ ಹಚ್ಚಿದರೆ ಇದು ಆಗುವುದಿಲ್ಲ ಎಂದು ಮಾರುವವರು ಹೇಳಿದರೆ ನಂಬಬೇಡಿ. ಸೀಲರ್ ಕಲೆ ಇಳಿಯುವುದನ್ನು ತಡೆಯುತ್ತದೆ, ಆಮ್ಲ ಮೇಲ್ಮೈಯನ್ನು ತಿನ್ನುವುದನ್ನಲ್ಲ.

ಹಾಗಾಗಿ ಮಾರ್ಬಲ್ ಆರಿಸುವುದಾದರೆ ಹೊಳೆಯುವ ಪಾಲಿಶ್ ಬದಲು ಮಂದ ಮೇಲ್ಮೈ ಕೇಳಿ, ಮಂಕು ಗುರುತು ಅದರಲ್ಲಿ ಕಡಿಮೆ ಕಾಣುತ್ತದೆ. ಶೌಚಾಲಯ ತೊಳೆಯುವ ಆಮ್ಲ, ವಿನೆಗರ್, ಬಿಳಿ ಪೊರೆ ತೆಗೆಯುವ ದ್ರವ ಇವು ಯಾವುವೂ ಅದರ ಹತ್ತಿರ ಸುಳಿಯಬಾರದು. ಇಲ್ಲಿಯೇ ಒಂದು ಸಿಕ್ಕು ಇದೆ: ಗಡಸು ನೀರಿನ ಪೊರೆಯೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಅದನ್ನು ಕರಗಿಸುವ ದ್ರವ ಕೆಳಗಿನ ಕಲ್ಲನ್ನೂ ಕರಗಿಸುತ್ತದೆ. ನಿಮ್ಮ ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಗಟ್ಟಿ ಪದರ ಕಟ್ಟುತ್ತಿದ್ದರೆ ಮಾರ್ಬಲ್ಲಿನ ಆಸೆ ಬಿಡುವುದು ಒಳ್ಳೆಯದು. ಪ್ರತಿ ಬಳಕೆಯ ನಂತರ ಒರೆಸುವ ಶಿಸ್ತು ಮನೆಯವರಿಗೆಲ್ಲ ಇದ್ದರೆ ಮಾತು ಬೇರೆ. ಎಲ್ಲ ಬಗೆಯ ಸುಣ್ಣಕಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ.

ಉಳಿದವು

ಅಕ್ರಿಲಿಕ್ ರಾಳ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿಯಿಂದ ಮಾಡುವ ಸಾಲಿಡ್ ಸರ್ಫೇಸ್ ಹಲಗೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. 1967ರಲ್ಲಿ ಡುಪಾಂಟ್ ಕಂಪನಿ ರೂಪಿಸಿದ ಕೋರಿಯನ್ ಈ ಜಾತಿಯ ಮೊದಲನೆಯದು. ಬೇಸಿನ್ನನ್ನೂ ಕಟ್ಟೆಯನ್ನೂ ಒಂದೇ ವಸ್ತುವಿನಲ್ಲಿ ಸಂದು ಕಾಣದಂತೆ ಬೆಸೆಯಬಹುದು ಎಂಬುದು ಇದರ ದೊಡ್ಡ ಗುಣ. ಸಂದಿಲ್ಲದಿದ್ದರೆ ಶಿಲೀಂಧ್ರಕ್ಕೆ ನೆಲೆಯೂ ಇಲ್ಲ. ಬೇಗ ಗೀರು ಬೀಳುತ್ತದೆ ನಿಜ, ಆದರೆ ಉಜ್ಜುಕಾಗದದಿಂದ ಉಜ್ಜಿ ಗೀರನ್ನು ಅಳಿಸಬಹುದು. ಬಿಸಿ ಇಕ್ಕಳದ ಎಚ್ಚರಿಕೆ ಇದಕ್ಕೂ ಸೇರಿದ್ದು.

ಸುಮಾರು 1200 ಡಿಗ್ರಿಯಲ್ಲಿ ಸುಟ್ಟ ಪೋರ್ಸಲೇನ್ ಹಲಗೆ ನೀರು ಹೀರುವುದಿಲ್ಲವೆಂದೇ ಹೇಳಬಹುದು, ಆಮ್ಲ, ಬಿಸಿ, ಬಿಸಿಲು ಯಾವುದಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ತೊಂದರೆ ಅಂಚಿನಲ್ಲಿದೆ. ಪೆಟ್ಟು ಬಿದ್ದರೆ ಅಂಚು ಸಿಡಿಯುತ್ತದೆ. ಮೇಲಿನ ಚಿತ್ತಾರ ಹಲವು ಹಲಗೆಗಳಲ್ಲಿ ಮೇಲ್ಪದರದಲ್ಲಷ್ಟೇ ಇರುವುದರಿಂದ ಸಿಡಿದ ಜಾಗ ಬೇರೆ ಬಣ್ಣದಲ್ಲಿ ಕಾಣುತ್ತದೆ. ಕತ್ತರಿಸಲು ಪಳಗಿದ ಕೈ ಬೇಕು.

ಸಣ್ಣ ಟೈಲ್ ಜೋಡಿಸಿದ ಕಟ್ಟೆ ಅಗ್ಗ, ಆದರೆ ಟೈಲ್‌ಗಳ ನಡುವಿನ ಸಂದು ತುಂಬುವ ಗ್ರೌಟ್ ಕಪ್ಪಾಗುತ್ತದೆ. ಟೈಲ್ ಹಾಕಲೇಬೇಕಾದರೆ ದೊಡ್ಡ ಅಳತೆಯದು, ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್. ಲ್ಯಾಮಿನೇಟ್ ಅತಿಥಿಗಳ ಕೋಣೆಗೆ ಸಾಕು. ಒಳಗಿನ ಪುಡಿಹಲಗೆಗೆ ಅಂಚಿನಿಂದ ಒಮ್ಮೆ ನೀರು ಹೊಕ್ಕರೆ ಉಬ್ಬಿ ನಿಲ್ಲುತ್ತದೆ, ಮರಳಿ ಇಳಿಯುವುದಿಲ್ಲ. ಮರ ಚೆಂದ, ಎಣ್ಣೆ ಹಚ್ಚುವ ತಾಳ್ಮೆಯಿದ್ದರೆ. ಕಾಂಕ್ರೀಟ್ ಭಾರ, ಸೀಲರ್ ಬೇಕು, ಆಮ್ಲಕ್ಕೆ ಮಾರ್ಬಲ್ಲಿನ ನೆಂಟ. ಗಾಜು ಬೆರಳಚ್ಚು ಒರೆಸುವ ಹವ್ಯಾಸವುಳ್ಳವರಿಗೆ.

ಚೂರು ತಂದು ಪರೀಕ್ಷಿಸಿ

ಎರಡು ಮೂರು ಆಯ್ಕೆಗೆ ಇಳಿದ ಮೇಲೆ ಪ್ರತಿಯೊಂದರ ಒಂದೊಂದು ಚೂರನ್ನು ಮನೆಗೆ ತನ್ನಿ. ಮೇಲೆ ನೀರು, ತಲೆಗೆ ಹಚ್ಚುವ ಎಣ್ಣೆ, ಕೂದಲಿನ ಬಣ್ಣ, ನಿಂಬೆರಸ, ನೀವು ಬಳಸುವ ಕ್ಲೀನರ್ ಒಂದೊಂದು ಹನಿ ದೂರ ದೂರ ಬಿಡಿ. ನೀರಿನ ಹನಿಯ ಕೆಳಗೆ ಹದಿನೈದು ನಿಮಿಷದಲ್ಲಿ ಕಲ್ಲು ಗಾಢವಾದರೆ ಅದು ಹೀರುತ್ತಿದೆ, ಸೀಲರ್ ಬೇಕೇ ಬೇಕು. ಉಳಿದ ಹನಿಗಳು ರಾತ್ರಿಯಿಡೀ ಇರಲಿ. ಬೆಳಿಗ್ಗೆ ಒರೆಸಿ, ಅದೇ ಬಚ್ಚಲುಮನೆಯ ದೀಪದ ಕೆಳಗೆ ನೋಡಿ. ಅಂಗಡಿಯ ಬೆಳಕಿನಲ್ಲಿ ಕೆನೆಬಣ್ಣದ್ದಾಗಿ ಕಂಡದ್ದು ಇಲ್ಲಿ ಬೂದಿಯಾಗಿ ಕಂಡರೆ ಆಶ್ಚರ್ಯಪಡಬೇಡಿ.

ಅಳತೆ, ಅಂಚು, ಅಂಟು

ಸಾಮಾನ್ಯವಾಗಿ 20 ಮಿಲಿಮೀಟರ್ ದಪ್ಪ ಸಾಕು. 120 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಗ್ರಾನೈಟ್ ಕಟ್ಟೆ ಈ ದಪ್ಪದಲ್ಲಿ ಸುಮಾರು 32 ಕಿಲೊ ತೂಗುತ್ತದೆ, ಅದರ ಮೇಲೆ ಬೇಸಿನ್ನಿನ ಭಾರ ಬೇರೆ. ಗೋಡೆಗೆ ನೇತುಹಾಕುವ ಕಪಾಟಿನ ಮೇಲೆ ಕೂರಿಸುವುದಾದರೆ ಗೋಡೆ ಅದನ್ನು ಹೊರುತ್ತದೆಯೇ ಎಂದು ಮೊದಲೇ ಕೇಳಿ.

ಬೇಸಿನ್ನಿಗೆ ಕತ್ತರಿಸಿದ ಜಾಗದ ಮುಂದೆ ಮತ್ತು ಹಿಂದೆ ಉಳಿಯುವ ಕಿರಿದಾದ ಪಟ್ಟಿ ಇಡೀ ಕಟ್ಟೆಯ ದುರ್ಬಲ ಭಾಗ. ಬಿರುಕು ಬಿಡುವುದು ಅಲ್ಲಿಯೇ. ಅದು ತೀರಾ ಸಪೂರವಾಗದಂತೆ ನೋಡಿಕೊಳ್ಳಿ, ಕತ್ತರಿಸಿದ ಒಳಮೂಲೆಗಳು ಚೂಪಾಗಿರದೆ ದುಂಡಾಗಿರಲಿ. ಮುಂದಿನ ಅಂಚು ಕಪಾಟಿನಿಂದ ಎರಡು ಮೂರು ಸೆಂಟಿಮೀಟರ್ ಹೊರಚಾಚಿರಲಿ, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ. ಅಂಚಿನಿಂದ ಇಳಿದ ನೀರು ಒಳಕ್ಕೆ ಹರಿದು ಕಪಾಟಿನ ಬಾಗಿಲು ಉಬ್ಬಿಸುವುದನ್ನು ಆ ತೋಡು ತಡೆಯುತ್ತದೆ. ಕೊರೆಯುವ ಕೆಲಸ ಕೆಲವೇ ನಿಮಿಷದ್ದು, ಆದರೂ ಕೇಳದಿದ್ದರೆ ಯಾರೂ ಮಾಡುವುದಿಲ್ಲ. ಕಟ್ಟೆಯ ಹಿಂದೆ ಗೋಡೆಗೆ 10 ಸೆಂಟಿಮೀಟರಿನ ಪಟ್ಟಿ ಏರಿಸಿದರೆ ಸಂದಿನಲ್ಲಿ ನೀರು ಇಳಿಯುವುದಿಲ್ಲ.

ಸಂದುಗಳಿಗೆ ಶಿಲೀಂಧ್ರ ತಡೆಯುವ ನ್ಯೂಟ್ರಲ್ ಸಿಲಿಕೋನ್ ಬಳಸಬೇಕು. ಟ್ಯೂಬ್ ಒತ್ತಿದಾಗ ವಿನೆಗರ್ ವಾಸನೆ ಬಂದರೆ ಅದು ಆಮ್ಲ ಬಿಡುವ ಜಾತಿಯದು, ಮಾರ್ಬಲ್ ಪಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಹಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ.

ಬೇಸಿನ್ನಿಗಾಗಿ ಕತ್ತರಿಸಿ ತೆಗೆದ ತುಂಡನ್ನು ಕೆಲಸಗಾರರು ಒಯ್ಯುವ ಮೊದಲು ಕೇಳಿ ಇಟ್ಟುಕೊಳ್ಳಿ. ಮುಂದೆ ಯಾವುದೇ ಹೊಸ ಕ್ಲೀನರ್ ತಂದಾಗ ಮೊದಲು ಅದರ ಮೇಲೆ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡಿ.